ಮಂಜನ್ನ ಮಂಜಾಗೇ ಪ್ರಿಂಟ್ ಹಾಕಿಕೊಟ್ಟ ಮಡಿಕೇರಿ ಸ್ಟುಡಿಯೋ

ಮೊದ್ಲೇ ಹೇಳ್ಬಿಡ್ತೀನಿ, ಮೊಬೈಲ್ ಫೋಟೋನ ಕಾಗದಕ್ಕೆ ಇಳಿಸೋಕೆ ನಾನು ಇಲ್ಲೀವರೆಗೆ ಹೋಗಿರೋ ಜಾಗಗಳಲ್ಲಿ ಮಡಿಕೇರಿ ಪೇಟೇಲಿರೋ ಈ ಮಹಡಿ ಮೇಲಿನ ಸ್ಟುಡಿಯೋನೇ ಬೆಸ್ಟು. 62 ಫೋಟೋ, ಎರಡೆರಡು ಕಾಪಿ, ಒಟ್ಟು 124 ಪ್ರಿಂಟು, ಎಲ್ಲಾ 4×6 ಸೈಜು, ಒಂದಕ್ಕೆ 12 ರೂಪಾಯಿ, 1,488 ಆಯ್ತು. ಹೆಸರು ಇಲ್ಲಿ ಹಾಕ್ತಾ ಇಲ್ಲ, ಯಾಕಂದ್ರೆ ನಾನು ರಿವ್ಯೂ ಬರೀತೀನಿ ಅಂದಾಗ ಸ್ಟುಡಿಯೋ ನಡೆಸೋ ಅಂಕಲ್ಲೇ ಬೇಡ ಅಂದ್ರು, "ನಾನು, ನನ್ ತಮ್ಮ ಇಬ್ರೇ ಇರೋದು, ಇರೋ ಕೆಲ್ಸಾನೇ ಸರಿಯಾಗಿ ಮಾಡಿಕೊಟ್ರೆ ಸಾಕು" ಅಂತ. ಅವರ ಮಾತಿಗೆ ಮರ್ಯಾದೆ ಕೊಡ್ಬೇಕಲ್ವಾ. ಆದ್ರೆ ಅವರು ಹೇಗೆ ಕೆಲ್ಸ ಮಾಡ್ತಾರೆ ಅನ್ನೋದನ್ನ ಬರೀಲೇಬೇಕು ಅನ್ನಿಸ್ತು, ನೀವು ಯಾವ ಊರಲ್ಲಿ ಪ್ರಿಂಟ್ ಹಾಕ್ಸಿದ್ರೂ ಕೇಳ್ಬೇಕಾದ ವಿಷ್ಯ ಇದರಲ್ಲಿದೆ.

ನಮ್ದು ಶನಿವಾರಸಂತೆ ಕಡೆ. ನಾನು ಕೆಲ್ಸಕ್ಕೆ ಬೆಂಗಳೂರಲ್ಲಿರೋದು. ಫೋಟೋಗ್ರಾಫರ್ ಏನಲ್ಲ, ಕ್ಯಾಮೆರಾನೂ ಇಲ್ಲ, ದಾರೀಲಿ ಏನಾದ್ರೂ ಕಣ್ಣಿಗೆ ಬಿದ್ರೆ ಫೋನ್ ತೆಗ್ದು ಒಂದು ಕ್ಲಿಕ್ ಮಾಡ್ತೀನಿ ಅಷ್ಟೇ. ಬೆಳಿಗ್ಗೆ ಮೆಟ್ರೋದಲ್ಲಿ ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಕೊಂಡು ಅಲ್ಲೇ ಮೊಳ ಕಟ್ಟೋ ಅಜ್ಜಿ, ಕೆ.ಆರ್. ಮಾರ್ಕೆಟ್ ಫ್ಲೈಓವರ್ ಮೇಲಿಂದ ಕಾಣೋ ಟಾರ್ಪಲ್ ಚಪ್ಪರಗಳ ಸಾಲು, ಮೆಜೆಸ್ಟಿಕ್ಕಲ್ಲಿ ರಾತ್ರಿ ಹನ್ನೊಂದಕ್ಕೆ ಮಡಿಕೇರಿ ಬಸ್ಸಿಗೆ ಕಾಯ್ತಾ ಚೀಲದ ಮೇಲೇ ನಿದ್ದೆ ಹೋಗಿರೋ ಹುಡುಗ, ಇಂಥವೇ. ಅಮ್ಮಂಗೆ ಇವೆಲ್ಲಾ ತೋರಿಸ್ತೀನಿ, ಅವರಿಗೆ ಫೋನ್ ಹಿಡ್ಕೊಂಡು ನೋಡೋದು ಕಷ್ಟ, "ಬೆರಳು ತಾಗಿದ್ ತಕ್ಷಣ ಓಡೋಗತ್ತೆ, ಕಾಗ್ದದಲ್ಲಿ ಹಾಕ್ಸಿ ಕೊಡೆ" ಅಂತ ಎರಡು ವರ್ಷದಿಂದ ಹೇಳ್ತಾನೇ ಇದ್ರು.

ಹೋದ ಆಗಸ್ಟಲ್ಲಿ ನಾಲ್ಕು ದಿನ ರಜ ಸಿಕ್ತು, ಚಿಕ್ಕಪ್ಪನ ಮಗ ಕಾರ್ ತಂದ, ಅಮ್ಮ ನಾನು ಅವನು ಮೂರೇ ಜನ, ಸೋಮವಾರಪೇಟೆ ಮಾದಾಪುರ ಹಟ್ಟಿಹೊಳೆ ಮಕ್ಕಂದೂರು ಮೇಲಾಸಿ ಮಡಿಕೇರಿ, ಅಲ್ಲಿ ಅತ್ತೆ ಮನೇಲಿ ಉಳ್ಕೊಂಡು ಮಾರನೇ ದಿನ ಭಾಗಮಂಡಲ ತಲಕಾವೇರಿ, ವಾಪಸ್ ಬರ್ತಾ ನಾಪೋಕ್ಲು ವಿರಾಜಪೇಟೆ ಸುತ್ಕೊಂಡು ಬಂದ್ವಿ. ಮಳೆಗಾಲದಲ್ಲಿ ಕೊಡಗಿಗೆ ಯಾಕೆ ಹೋಗ್ತೀರಿ ಏನೂ ಕಾಣಲ್ಲ ಅಂತಾರೆ ಹೊರಗಿನೋರು. ನಮಗೆ ಆ ಕಾಣದೇ ಇರೋದೇ ಊರು! ರಾಜಾಸೀಟಲ್ಲಿ ಕಣಿವೆ ಕಡೆ ಬರೀ ಬಿಳಿ, ಕಂಬಿ ಹಿಡ್ಕೊಂಡು ನಿಂತಿರೋ ಹತ್ತು ಹದಿನೈದು ಛತ್ರಿ ಮಾತ್ರ ಕಾಣ್ತಿತ್ತು, ಅದನ್ನ ತೆಗ್ದೆ. ಮಡಿಕೇರಿ ಕೋಟೆ ಒಳಗಿರೋ ಆ ಎರಡು ದೊಡ್ಡ ಆನೆ ಪ್ರತಿಮೆ ಮಳೇಲಿ ನೆಂದು ಕರ್ರಗಾಗಿ ನಿಂತಿದ್ವು, ಅದರ ಪಕ್ಕ ಶಾಲೆ ಮಕ್ಕಳು ಬ್ಯಾಗ್ ಮೇಲಿಂದಾನೇ ರೈನ್‌ಕೋಟ್ ಹಾಕ್ಕೊಂಡು ಎಲ್ರಿಗೂ ಗೂನು ಬಂದಂಗೆ ನಡ್ಕೊಂಡು ಹೋಗ್ತಿದ್ರು, ಅದು. ಹಟ್ಟಿಹೊಳೆ ಹತ್ರ ಒಂದು ತಿರುವಲ್ಲಿ ಎದುರಿಂದ ಬರೋ ಬಸ್ಸಿನ ಎರಡು ಲೈಟು ಮಾತ್ರ ಮಂಜಲ್ಲಿ ಹಳದಿಯಾಗಿ ಕಾಣ್ತಿತ್ತು, ಬಸ್ಸೇ ಇಲ್ಲ, ಅದೂ ಒಂದು. ಗದ್ದೇಲಿ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ನಾಟಿ ಮಾಡ್ತಿದ್ದ ಹೆಂಗಸರು, ಅವರನ್ನ ಕೇಳಿ ತೆಗ್ದಿದ್ದು, ಒಬ್ರು "ನಮ್ ಮುಖ ಕಾಣಲ್ಲ ಬಿಡಮ್ಮ" ಅಂತ ನಕ್ಕರು.

ನಾಪೋಕ್ಲಲ್ಲಿ ನನ್ ಫ್ರೆಂಡ್ ಮನೆಗೆ ಹೋಗಿದ್ದು ಆಗಸ್ಟ್ 3ನೇ ತಾರೀಕು, ಕಕ್ಕಡ ಪದಿನೆಟ್ಟ್ ದಿನ, ಅಂದ್ರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅರೆಭಾಷೆಯವರು ಆಟಿ ಹದಿನೆಂಟು ಅಂತಾರೆ. ಅವತ್ತು ಮದ್ದು ಸೊಪ್ಪಲ್ಲಿ 18 ಥರದ ಔಷಧಿ ಗುಣ ಸೇರಿರತ್ತೆ ಅಂತ ನಂಬಿಕೆ, ಆ ಸೊಪ್ಪು ಕುದಿಸಿದ್ರೆ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗತ್ತೆ, ಅದರಲ್ಲೇ ಅಕ್ಕಿ ಬೇಯಿಸಿ ಪಾಯಸ ಮಾಡ್ತಾರೆ, ಇಲ್ಲಾ ಮದ್ದು ಪುಟ್ಟು ಮಾಡ್ತಾರೆ, ಮೇಲೆ ಕಾಯಿತುರಿ ಜೇನು ತುಪ್ಪ. ಬಿಳಿ ಪಿಂಗಾಣಿ ಬಟ್ಟಲಲ್ಲಿ ಆ ನೇರಳೆ ಪಾಯಸ, ಪಕ್ಕದಲ್ಲಿ ಅಮ್ಮನ ಕೈ. ಇಡೀ ಟ್ರಿಪ್ಪಲ್ಲಿ ನಂಗೆ ಇಷ್ಟವಾದ ಫೋಟೋ ಅದೇ. ಆಮೇಲೆ ಈ ಫೋಟೋ ವಿಷ್ಯಕ್ಕೆ ಬರ್ತೀನಿ.

ಪ್ರಿಂಟ್ ಹಾಕಿಸೋದು ನಂಗೆ ಇದೇ ಫಸ್ಟ್ ಟೈಮ್ ಅಲ್ಲ. ಇದಕ್ಕಿಂತ ಮುಂಚೆ ಬೆಂಗಳೂರಲ್ಲಿ ಒಂದು ಕಡೆ ಹಾಕ್ಸಿದ್ದೆ, ಇನ್ನೊಂದು ಸಲ ಆನ್‌ಲೈನಲ್ಲಿ ಆರ್ಡರ್ ಮಾಡಿದ್ದೆ, ಎರಡು ಕಡೆನೂ ಮಳೆಗಾಲದ ಊರಿನ ಫೋಟೋಗಳು ನೋಡೋಕೆ ಬೇಜಾರಾಗೋ ಹಾಗೆ ಬಂದ್ವು, ಮಂಜೆಲ್ಲಾ ನೀಲಿ ಹೊಗೆ ಥರ, ಮರ ಎಲ್ಲಾ ಕಡು ಕಪ್ಪು, ಎಲೆ ಹಸಿರು ಕಣ್ಣಿಗೆ ಹೊಡೆಯೋ ಹಾಗೆ. ನನ್ ಫೋನೇ ಸರಿ ಇಲ್ಲ ಅಂತ ತಿಳ್ಕೊಂಡು ಸುಮ್ನಾಗಿದ್ದೆ. ಈ ಅಂಕಲ್ ಹತ್ರ ಆ ಹಳೇ ಪ್ರಿಂಟ್ ತೋರಿಸಿದಾಗ ಅವರು ಒಂದೇ ನೋಟಕ್ಕೆ ಹೇಳಿದ್ರು, "ಇದು ಆಟೋ ಕರೆಕ್ಷನ್ ಮಾಡಿದ್ದು, ಫೋಟೋ ಸರಿಯಾಗೇ ಇದೆ."

ಅವರು ವಿವರಿಸಿದ್ದು ನಂಗೆ ಅರ್ಥ ಆದಷ್ಟು ಹೇಳ್ತೀನಿ. ಪ್ರಿಂಟ್ ಮಾಡೋ ಸಾಫ್ಟ್‌ವೇರು ಪ್ರತಿ ಫೋಟೋದಲ್ಲೂ ಎಲ್ಲೋ ಒಂದು ಕಡೆ ಪೂರ್ತಿ ಕಪ್ಪು, ಎಲ್ಲೋ ಒಂದು ಕಡೆ ಪೂರ್ತಿ ಬಿಳಿ ಇರ್ಬೇಕು ಅಂತ ಲೆಕ್ಕ ಹಾಕತ್ತೆ. ಬಿಸಿಲಿನ ಫೋಟೋದಲ್ಲಿ ಎರಡೂ ಇರತ್ತೆ, ತೊಂದ್ರೆ ಇಲ್ಲ. ಮಂಜಿನ ಫೋಟೋದಲ್ಲಿ ಎರಡೂ ಇರಲ್ಲ, ಎಲ್ಲಾ ಮಧ್ಯದ ಬೂದಿ ಬಣ್ಣಗಳೇ. ಆಗ ಅದು ಇರೋದನ್ನೇ ಎಳೆದು ಎಳೆದು ಸ್ವಲ್ಪ ಕಪ್ಪಗಿರೋದನ್ನ ಪೂರ್ತಿ ಕಪ್ಪು ಮಾಡತ್ತೆ, ಸ್ವಲ್ಪ ಬೆಳ್ಳಗಿರೋದನ್ನ ಸುಣ್ಣದ ಹಾಗೆ ಮಾಡತ್ತೆ, ಬಣ್ಣಾನೂ ಅದೇ ಥರ ಎಳೆಯತ್ತೆ. ಅಲ್ಲಿಗೆ ಮಂಜು ಹೋಯ್ತು. ಹಾಗಾಗಿ ಎಲ್ಲೇ ಹಾಕ್ಸಿ, "ಕರೆಕ್ಷನ್ ಇಲ್ದೇ ಹಾಕಿ" ಅಂತ ಒಂದು ಮಾತು ಹೇಳಿ, ಇಲ್ಲಾ ಒಂದು ಫೋಟೋ ಮಾತ್ರ ಎರಡೂ ಥರ ಹಾಕ್ಸಿ ನೋಡಿ ಆಮೇಲೆ ಉಳಿದಿದ್ದು ಕೊಡಿ.

ಇಲ್ಲಿ ಹಾಗೆ ನಾವು ಕೇಳ್ಬೇಕಾಗೇ ಇಲ್ಲ. ಅವರು ಒಂದೊಂದೇ ಫೋಟೋ ಸ್ಕ್ರೀನಲ್ಲಿ ತೆಗ್ದು ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೇಳಿದ್ರು, ಎಷ್ಟು ಗಂಟೇಲಿ ತೆಗ್ದಿದ್ದು, ಮಳೆ ಬರ್ತಿತ್ತಾ ಬಿಟ್ಟಿತ್ತಾ, ಈ ಗೋಡೆ ನಿಜವಾಗ್ಲೂ ಹಳದಿನಾ ಇಲ್ಲಾ ಲೈಟಿಗೆ ಹಾಗೆ ಕಾಣ್ತಿರೋದಾ. 62 ಫೋಟೋಗೂ. ಎರಡೂವರೆ ಗಂಟೆ ಆಯ್ತು. ನಡುವೆ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಮೂರು ಜನ ಬಂದ್ರು, ಅವರ ತಮ್ಮ ನೋಡ್ಕೊಂಡ್ರು. ಅಮ್ಮಂಗೆ ಅಲ್ಲೇ ಕುರ್ಚಿ ಹಾಕಿ, ಕೆಳಗಿಂದ ಬೆಲ್ಲ ಹಾಕಿದ ಬ್ಲ್ಯಾಕ್ ಕಾಫಿ ತರಿಸಿ, "ಅಕ್ಕ, ಮೆಟ್ಲು ಜಾಸ್ತಿ, ಇನ್ನೊಂದ್ ಸಲ ನೀವು ಹತ್ಬೇಡಿ, ಕೆಳಗಿಂದ ಕೂಗಿ, ನಾನೇ ಬರ್ತೀನಿ" ಅಂದ್ರು.

ಆ ಪಾಯಸದ ಫೋಟೋ ಬಂತು. ಸ್ಕ್ರೀನಲ್ಲಿ ನೋಡಿದ್ರೆ ಡಾಂಬರು ಥರ ಕಾಣ್ತಿತ್ತು, ಅಡುಗೆಮನೇಲಿ ಬೆಳಕು ಕಮ್ಮಿ ಇತ್ತಲ್ಲ. ನಾನು ಏನಾದ್ರೂ ಹೇಳೋ ಮೊದ್ಲೇ ಅಂಕಲ್ ಹತ್ರ ಬಗ್ಗಿ ನೋಡಿ "ಇದು ಮದ್ದು ಪಾಯಸ ಅಲ್ವಾ, ಇದನ್ನ ಹೀಗೇ ಬಿಟ್ರೆ ಕಪ್ಪಗೆ ಬರತ್ತೆ" ಅಂತ ಮೌಸ್ ಹಿಡ್ಕೊಂಡು ನೆರಳಿನ ಭಾಗ ಮಾತ್ರ ಸ್ವಲ್ಪ ಎತ್ತಿದ್ರು, ಒಂದು ಟೆಸ್ಟ್ ಹಾಕಿದ್ರು, ಕೆಂಪು ಜಾಸ್ತಿ ಆಯ್ತು ಅಂತ ಪಕ್ಕಕ್ಕಿಟ್ರು, ಇನ್ನೊಂದು ಹಾಕಿದ್ರು. ಎರಡನೇದು ಸರಿಯಾಗಿ ಆ ನೇರಳೆ. ಅವರ ಮನೇಲೂ ಹಿಂದಿನ ದಿನ ಅದೇ ಪಾಯಸ ಮಾಡಿದ್ರಂತೆ, ಬಣ್ಣ ಕಣ್ಣಲ್ಲೇ ಇತ್ತು. ಇದನ್ನ ಬೇರೆ ಊರಿನ ಲ್ಯಾಬಲ್ಲಿ ಕೂತವ್ರು ಎಷ್ಟೇ ಒಳ್ಳೆ ಕೆಲ್ಸದವ್ರಾದ್ರೂ ಹೇಗೆ ತಿಳ್ಕೊಳ್ತಾರೆ ಹೇಳಿ. ಟೆಸ್ಟ್ ಪ್ರಿಂಟಿಗೆ ದುಡ್ಡು ತಗೊಳ್ಳಿಲ್ಲ.

ಮಷೀನು ನೋಡೋಕೂ ಚಂದ. ಇಂಕಿನ ಪ್ರಿಂಟರ್ ಅಲ್ಲ, ಶಾಖದಲ್ಲಿ ರಿಬ್ಬನ್ನಿಂದ ಬಣ್ಣ ಕಾಗದಕ್ಕೆ ಹತ್ತಿಸೋದು. ಕಾಗದ ಒಂದು ಸಲ ಹೊರಗೆ ಬಂದು ಒಳಗೆ ಹೋಗತ್ತೆ, ಬರೀ ಹಳದಿ ಚಿತ್ರ, ಎರಡನೇ ಸಲ ಗುಲಾಬಿ ಸೇರತ್ತೆ, ಮೂರನೇ ಸಲ ನೀಲಿ ಸೇರಿ ಪೂರ್ತಿ ಬಣ್ಣ ಬರತ್ತೆ, ನಾಲ್ಕನೇ ಸಲ ಮೇಲೊಂದು ತೆಳು ಪಾರದರ್ಶಕ ಪದರ ಕೂರತ್ತೆ. ಅಮ್ಮ ಅದನ್ನ ನೋಡ್ತಾ ಕಾಫಿ ಕುಡಿಯೋದೇ ಮರ್ತಿದ್ರು. ಆ ಕೊನೇ ಪದರ ನಮ್ಮ ಕಡೆಗೆ ತುಂಬಾ ಮುಖ್ಯ, ಒದ್ದೆ ಕೈ ತಾಗಿದ್ರೂ ಬಣ್ಣ ಹರಡಲ್ಲ, ಮಾಮೂಲಿ ಇಂಕ್‌ಜೆಟ್ ಪ್ರಿಂಟ್ ಆದ್ರೆ ಜೂನಿಂದ ಸೆಪ್ಟೆಂಬರ್ ತನಕ ಗೋಡೆನೇ ಬೆವರೋ ಮನೇಲಿ ಅದರ ಗತಿ ಏನಾಗತ್ತೆ ಅಂತ ಗೊತ್ತಿದೆ.

ಇನ್ನೊಂದು ಉಪಯೋಗದ ವಿಷ್ಯ, ಕ್ರಾಪಿಂಗ್, ಅಂದ್ರೆ ಕಾಗದಕ್ಕೆ ಸರಿಹೋಗೋ ಹಾಗೆ ಫೋಟೋದ ಅಂಚು ಕಟ್ ಮಾಡೋದು. ಫೋನಲ್ಲಿ ತೆಗ್ದ ಫೋಟೋದ ಉದ್ದ ಅಗಲದ ಅನುಪಾತ ಸಾಮಾನ್ಯವಾಗಿ 4:3 ಇರತ್ತೆ, 4×6 ಕಾಗದ 3:2. ಅಂದ್ರೆ 6 ಇಂಚಿಗೆ ಸರಿ ಮಾಡಿದ್ರೆ ನಮ್ಮ ಫೋಟೋಗೆ ನಾಲ್ಕೂವರೆ ಇಂಚು ಜಾಗ ಬೇಕು, ಅರ್ಧ ಇಂಚು ಎಲ್ಲಾದ್ರೂ ಕಟ್ ಆಗ್ಲೇಬೇಕು. ಹಿಂದೆ ಹಾಕ್ಸಿದಾಗ ಅಜ್ಜಿ ತಲೆ ಮೇಲಿನ ಹೂವು, ಮಕ್ಕಳ ಕಾಲು ಎಲ್ಲಾ ಹೀಗೇ ಹೋಗಿತ್ತು. ಇವರು ಪ್ರತಿಯೊಂದಕ್ಕೂ ಮೇಲೆ ಕಟ್ ಮಾಡ್ಲಾ ಕೆಳಗಾ ಅಂತ ಕೇಳಿದ್ರು, ಯಾವುದನ್ನೂ ಕಟ್ ಮಾಡೋಕೆ ಮನಸಿಲ್ಲ ಅಂದಾಗ ಎರಡು ಬದಿ ಬಿಳಿ ಅಂಚು ಬಿಟ್ಟು ಪೂರ್ತಿ ಫೋಟೋ ಹಾಕಿದ್ರು. ಭಾಗಮಂಡಲದ್ದು ಹಾಗೇ ಹಾಕ್ಸಿದ್ದು. ಕಾವೇರಿ, ಕನ್ನಿಕೆ ಎರಡೂ ಹೊಳೆ ತುಂಬಿ ಗದ್ದೆ ಮೇಲೆಲ್ಲಾ ನೀರು, ಹಿಂದೆ ದೇವಸ್ಥಾನದ ಇಳಿಜಾರು ಮಾಡು, ಮುಂದೆ ಒಂದು ಅಂಗಡಿ ಕಟ್ಟೆ ಮೇಲೆ ನಾಯಿ ಒಂದು ಕಾಲು ಕೂಡ ನೆನೆಸ್ಕೊಳ್ದೇ ಮಲ್ಗಿದೆ. ಮೇಲೆ ಕಟ್ ಮಾಡಿದ್ರೆ ಮಾಡು ಹೋಗತ್ತೆ ಕೆಳಗೆ ಮಾಡಿದ್ರೆ ನಾಯಿ ಹೋಗತ್ತೆ.

ಫೋಟೋನ ವಾಟ್ಸಾಪಲ್ಲಿ ಫೋಟೋ ಅಂತ ಕಳಿಸ್ಬೇಡಿ, ಸೈಜು ಕುಗ್ಗಿಸ್ಬಿಡತ್ತೆ. ಡಾಕ್ಯುಮೆಂಟ್ ಅಂತ ಕಳ್ಸಿ ಇಲ್ಲಾ ಕೇಬಲ್ ತಗೊಂಡು ಹೋಗಿ. 4×6ಗೆ 1800×1200 ಪಿಕ್ಸೆಲ್ ಇದ್ರೆ ಸಾಕು, ಗೋಡೆಗೆ ಹಾಕೋ 12×8 ಬೇಕು ಅಂದ್ರೆ 3600×2400 ಬೇಕು. ಮಂಜಲ್ಲಿ ತೆಗೆಯುವಾಗ ಮಂಜು ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಜಾಸ್ತಿ ಮಾಡಿ ತೆಗೀರಿ ಅಂತ್ಲೂ ಹೇಳಿಕೊಟ್ರು, ಫೋನು ಬಿಳಿ ನೋಡಿದ್ ಕೂಡ್ಲೇ ಬೆಳಕು ಜಾಸ್ತಿ ಇದೆ ಅಂತ ತಿಳ್ಕೊಂಡು ಕಮ್ಮಿ ಮಾಡತ್ತಂತೆ, ಅದಕ್ಕೇ ನಮ್ಮ ಬಿಳಿ ಮಂಜು ಫೋಟೋದಲ್ಲಿ ಬೂದಿ ಆಗೋದು. ಮಾರನೇ ದಿನ ಅತ್ತೆ ಮನೆ ಅಂಗಳದಲ್ಲೇ ಮಾಡಿ ನೋಡ್ದೆ, ತಕ್ಷಣ ವ್ಯತ್ಯಾಸ ಗೊತ್ತಾಗತ್ತೆ.

ಸರಿ ಇಲ್ಲದ್ದೂ ಹೇಳ್ಬೇಕು. ಮೆಟ್ಟಿಲು ನಿಜಕ್ಕೂ ಕಡಿದು, ಕೈ ಹಿಡಿ ಒಂದೇ ಕಡೆ, ಮಂಡಿ ನೋವಿರೋರಿಗೆ ಆಗಲ್ಲ. ಮಾರನೇ ದಿನ ಸಂಜೆ ಕೊಡ್ತೀನಿ ಅಂದವ್ರು ಕೊಟ್ಟಿದ್ದು ಅದರ ಮಾರನೇ ದಿನ ಮಧ್ಯಾಹ್ನ, ಗಾಳಿಮಳೆಗೆ ಕರೆಂಟ್ ಹೋಗಿತ್ತು, ಯುಪಿಎಸ್ಸಲ್ಲಿ ಆ ಮಷೀನ್ ಓಡಲ್ಲ, ಅದಕ್ಕೆ ಅವರೇ ಫೋನ್ ಮಾಡಿ ಹೇಳಿದ್ರು ಅನ್ನೋದು ನಿಜ, ಆದ್ರೂ ಬೆಂಗಳೂರು ಬಸ್ ಬುಕ್ ಮಾಡಿದ್ದವ್ರಿಗೆ ಕಷ್ಟ ಆಗತ್ತೆ, ಕಡೇ ದಿನಕ್ಕೆ ಇಟ್ಕೊಳ್ಬೇಡಿ. 4×6ರಲ್ಲಿ ಹೊಳಪಿರೋ ಗ್ಲಾಸಿ ಮಾತ್ರ, ಹೊಳಪಿಲ್ಲದ ಮ್ಯಾಟ್ ಬೇಕಂದ್ರೆ ಮೈಸೂರಿನ ಲ್ಯಾಬಿಗೆ ಕಳಿಸ್ತಾರೆ, ದೊಡ್ಡ ಸೈಜುಗಳೂ ಅಲ್ಲಿಂದಾನೇ, ವಾರ ಹಿಡಿಯತ್ತೆ. ಕವರು ತುಂಬಾ ತೆಳು, ಆ ಮಳೇಲಿ ಕಾರಿನ ತನಕ ಹೋಗೋ ಅಷ್ಟರಲ್ಲಿ ಮೂಲೆ ನೆಂದಿತ್ತು, ಪ್ಲಾಸ್ಟಿಕ್ ಡಬ್ಬಿ ತಗೊಂಡು ಹೋಗೋದು ಒಳ್ಳೇದು. ಎರಡು ಪ್ರಿಂಟಲ್ಲಿ ಉದ್ದಕ್ಕೆ ಕೂದಲೆಳೆ ಥರ ಗೆರೆ ಬಂದಿತ್ತು, ನಾನು ನೋಡೇ ಇರ್ಲಿಲ್ಲ, ಅವರೇ ಎತ್ತಿ ತೋರ್ಸಿ ಬೇರೆ ಹಾಕಿಕೊಟ್ರು.

ಎರಡೆರಡು ಕಾಪಿ ಯಾಕೆ ಅಂತ ಅವರು ಕೇಳಿದಾಗ ಅಮ್ಮ ಹೇಳಿದ್ದನ್ನ ಇಲ್ಲಿ ಬರೀತೀನಿ. 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ಮಕ್ಕಂದೂರು ಕಡೆ ದೊಡ್ಡಮ್ಮನ ಮನೆ ಹೋಯ್ತು. ಜನ ಉಳ್ಕೊಂಡ್ರು, ದೇವರು ದೊಡ್ಡೋನು, ಉಟ್ಟ ಬಟ್ಟೇಲಿ ಓಡಿ ಬಂದಿದ್ದು, ಮದುವೆ ಆಲ್ಬಮ್, ದೊಡ್ಡಪ್ಪ ಇದ್ದಾಗಿನ ಫೋಟೋ, ಮಕ್ಕಳ ನಾಮಕರಣ ಎಲ್ಲಾ ಮಣ್ಣಾಯ್ತು. ಆಮೇಲೆ ದೊಡ್ಡಮ್ಮಂಗೆ ಸಿಕ್ಕಿದ್ದು ಅಮ್ಮನ ಟ್ರಂಕಲ್ಲಿದ್ದ ಒಂಬತ್ತು ಫೋಟೋ, ಅವತ್ತಿನ ಕಾಲದಲ್ಲಿ ಮದುವೆ ಆದ್ರೆ ಅಕ್ಕ ತಂಗೀರಿಗೆ ಒಂದೊಂದು ಕಾಪಿ ಹಂಚ್ತಿದ್ರಲ್ಲ, ಅದು. ಅವತ್ತಿಂದ ಅಮ್ಮಂಗೆ ಯಾವ ಫೋಟೋ ಆದ್ರೂ ಎರಡು ಮನೇಲಿ ಇರ್ಬೇಕು. ಅಂಕಲ್ ಇದನ್ನ ಕೇಳ್ಕೊಂಡು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆ ವರ್ಷ ಅವರ ಹತ್ರಾನೂ ತುಂಬಾ ಜನ ಕೆಸರಾದ ಫೋಟೋ ತಂದಿದ್ರಂತೆ, ಒಣಗಿದ ಮೇಲೆ ಒಂದಕ್ಕೊಂದು ಅಂಟ್ಕೊಂಡು ಬಿಡಿಸೋಕೆ ಆಗ್ತಿರ್ಲಿಲ್ಲ, ನೆಂದಿರುವಾಗಲೇ ತಂದಿದ್ರೆ ನೀರಲ್ಲೇ ಮೆಲ್ಲಗೆ ಬಿಡಿಸಬೋದಿತ್ತು ಅಂತ ಹೇಳಿದ್ರು.

ಇಟ್ಕೊಳ್ಳೋದು ಹೇಗೆ ಅಂತ್ಲೂ ಹೇಳಿದ್ರು, ಅದು ಮಲೆನಾಡಿನವ್ರಿಗೆಲ್ಲಾ ಬೇಕಾಗಿರೋದು. ಪುಟಕ್ಕೆ ಅಂಟು ಇದ್ದು ಮೇಲೆ ಪ್ಲಾಸ್ಟಿಕ್ ಎಳೆಯೋ ಆಲ್ಬಮ್ ಬೇಡ, ಆ ಅಂಟೇ ಫೋಟೋನ ತಿನ್ನತ್ತೆ, ಜೇಬಿನ ಥರ ಇರೋ ಆಲ್ಬಮ್ ತಗೊಳ್ಳಿ. ಫ್ರೇಮ್ ಹಾಕ್ಸಿದ್ರೆ ಗಾಜಿಗೆ ಫೋಟೋ ತಾಗದ ಹಾಗೆ ನಡುವೆ ರಟ್ಟಿನ ಅಂಚು ಇರ್ಲಿ, ಇಲ್ದಿದ್ರೆ ತೇವಕ್ಕೆ ಗಾಜಿಗೇ ಅಂಟ್ಕೊಳ್ಳತ್ತೆ. ಬೀರು ಹೊರಗೋಡೆಗೆ ಆನಿಸಿ ಇಟ್ಟಿದ್ರೆ ಆಲ್ಬಮ್ ಅದರಲ್ಲಿಡ್ಬೇಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರೋ ಸಿಲಿಕಾ ಪೊಟ್ಟಣ ಬಿಸಾಕದೇ ಸ್ಟೀಲ್ ಡಬ್ಬೀಲಿ ಆಲ್ಬಮ್ ಜೊತೆ ಹಾಕಿಡಿ. ನಮ್ಮನೇಲಿ ಅಡುಗೆಮನೆ ಅಟ್ಟದ ಮೇಲೆ ಬೆಚ್ಚಗಿರತ್ತೆ ಅಂತ ಹಳೇ ಆಲ್ಬಮ್ ಇಟ್ಟಿದ್ವಿ, ಹೊಗೆಗೆ ಎಲ್ಲಾ ಕಂದು ಬಣ್ಣ ಆಗಿದೆ, ಊರಿಗೆ ಬಂದು ಅಮ್ಮ ಮೊದ್ಲು ಮಾಡಿದ ಕೆಲ್ಸ ಅದನ್ನ ಇಳಿಸಿದ್ದು.

ಎರಡನೇ ಸೆಟ್ಟು ವಾಪಸ್ ಬರ್ತಾ ದಾರೀಲೇ ದೊಡ್ಡಮ್ಮಂಗೆ ಕೊಟ್ವಿ, ಅವರೀಗ ಹೊಸ ಮನೇಲಿದ್ದಾರೆ. ಬೆಂಗಳೂರಿನ ಫೋಟೋ ಎಲ್ಲಾ ಬೇಗ ಬೇಗ ನೋಡಿದ್ರು, ಮೆಟ್ರೋ ಅಜ್ಜಿ ಹತ್ರ ಮಾತ್ರ ನಿಂತು "ಇವ್ರಿಗೆ ಕಾಫಿ ತಿಂಡಿ ಆಗಿತ್ತಾ" ಅಂತ ಕೇಳಿದ್ರು. ಬಸ್ಸಿನ ಲೈಟು ಮಾತ್ರ ಕಾಣೋ ಆ ಮಂಜಿನ ಫೋಟೋ ಬಂದಾಗ ಕನ್ನಡಕ ಒರೆಸ್ಕೊಂಡು ಸುಮಾರು ಹೊತ್ತು ನೋಡಿ "ಇದು ಹಟ್ಟಿಹೊಳೆ ದಾಟಿದ್ ಮೇಲಿನ ತಿರುವು" ಅಂದ್ರು. ಹೇಗೆ ಗೊತ್ತಾಯ್ತು ದೊಡ್ಡಮ್ಮ, ಅದರಲ್ಲಿ ಏನೂ ಕಾಣ್ತಾ ಇಲ್ವಲ್ಲ ಅಂದೆ. ಎಡಗಡೆ ಮಂಜೊಳಗೆ ತೆಳ್ಳಗೆ ಒಂದು ಮರದ ಗೆರೆ ಇದೆ, ನಾನು ನೋಡೇ ಇರ್ಲಿಲ್ಲ. ಆ ಮರದ ಕೆಳಗೇ ಅವರು ದಿನಾ ಬಸ್ಸಿಗೆ ಕಾಯ್ತಿದ್ದದ್ದು.

ಆಮೇಲೆ ಒಳಗಿಂದ ಆ ಒಂಬತ್ತರಲ್ಲಿ ಒಂದು ಫೋಟೋ ತಂದು ಕೊಟ್ರು, ದೊಡ್ಡಪ್ಪ ಅಂಗಳದಲ್ಲಿ ಕಾಫಿ ಹರಡ್ತಾ ಇರೋದು, ಒಂದು ಮೂಲೆ ಮಾಸಿದೆ, ಇದನ್ನೂ ಅವರ ಹತ್ರಾನೇ ದೊಡ್ಡದು ಮಾಡಿಸ್ಕೊಂಡು ಬಾ, ಬಣ್ಣ ಏನೂ ಜಾಸ್ತಿ ಮಾಡ್ಬೇಡಿ ಅಂತ ಹೇಳು ಅಂದ್ರು. ಸ್ಕ್ಯಾನ್ ಮಾಡಿಕೊಡ್ತೀನಿ ಅಂತ ಅಂಕಲ್ ಫೋನಲ್ಲಿ ಹೇಳಿದ್ದಾರೆ. ಭಾನುವಾರ ರಜ, ಶುಕ್ರವಾರ ಸಂತೆ ಇರೋದ್ರಿಂದ ಪೇಟೇಲಿ ಗಾಡಿ ನಿಲ್ಸೋಕೆ ಜಾಗ ಸಿಗಲ್ಲ, ನಾನು ದೀಪಾವಳಿಗೆ ಬಂದಾಗ ಗುರುವಾರ ನೋಡ್ಕೊಂಡು ಹೋಗ್ತೀನಿ.